ಶಿಬಿರದ ಪ್ರಥಮ ಚಿಕಿತ್ಸಾ ಪೆಟ್ಟಿಗೆ: ಏನಿರಬೇಕು, ಏನಿರಬಾರದು?

ವಾಡಿಯ ಒಂದು ಪ್ರೌಢಶಾಲೆಯ ವಿಜ್ಞಾನ ಸಂಘದ ನಲವತ್ತು ವಿದ್ಯಾರ್ಥಿಗಳು ಎರಡು ದಿನಗಳ ನಿಸರ್ಗ ಶಿಬಿರಕ್ಕೆ ಹೊರಟಿದ್ದಾರೆಂದು ಊಹಿಸಿಕೊಳ್ಳಿ. ಅವರನ್ನು ಕರೆದೊಯ್ಯುವ ವಿಜ್ಞಾನ ಶಿಕ್ಷಕರು ನೀವು. ವಾಡಿ ಜಂಕ್ಷನ್ನಿನಲ್ಲಿ ಸಿಕಂದರಾಬಾದ್ ಕಡೆಯ ರೈಲು ಹತ್ತಿದರೆ ಚಿತ್ತಾಪುರ, ಮಳಖೇಡ ದಾಟಿ ಸೇಡಂ ಬರುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿ. ಅದರಾಚೆಗೆ ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ ಮತ್ತು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾದ ಸುಮಾರು 135 ಚದರ ಕಿ.ಮೀ. ವಿಸ್ತಾರದ ಕಾಡು. ಸುತ್ತಲೂ ಸುಣ್ಣಕಲ್ಲಿನ ಗಣಿ, ತೊಗರಿ ಹೊಲಗಳನ್ನೇ ಕಂಡು ಬೆಳೆದ ಮಕ್ಕಳಿಗೆ ಅದೊಂದು ಹೊಸ ಲೋಕ.

ಅರಣ್ಯ ಇಲಾಖೆಯ ಅನುಮತಿ ಪಡೆದಿದ್ದೀರಿ. ಪಾಲಕರ ಒಪ್ಪಿಗೆ ಪತ್ರಗಳು ಬಂದಿವೆ. ಸಾಮಾನುಗಳ ಪಟ್ಟಿಯೂ ಸಿದ್ಧ: ಅಕ್ಕಿ, ಬೇಳೆ, ಜೋಳದ ಹಿಟ್ಟು, ಪಾತ್ರೆ, ಡೇರೆ, ಹಗ್ಗ, ಟಾರ್ಚು. ಪಟ್ಟಿಯ ಕೊನೆಯಲ್ಲಿ 'ಪ್ರಥಮ ಚಿಕಿತ್ಸಾ ಪೆಟ್ಟಿಗೆ - 1' ಎಂದು ಬರೆದು ಮುಗಿಸಿದ್ದೀರಿ.

ತೊಂದರೆ ಇರುವುದು ಆ 'ಒಂದು' ಎಂಬಲ್ಲಿಯೇ. ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಯನ್ನು ತೆರೆದು ನೋಡಿ. ಸ್ವಲ್ಪ ಹತ್ತಿ, ಅಂಟುಪಟ್ಟಿಗಳು, ಒಂದು ಮುಲಾಮು, ಒಂದು ಸಣ್ಣ ಕತ್ತರಿ. ಅದು ಯಾವ ಊರಿಗೂ ಹೊಂದುವಂತೆ ತಯಾರಾದದ್ದು. ಆದ್ದರಿಂದಲೇ ಯಾವ ಊರಿಗೂ ಪೂರ್ತಿ ಹೊಂದುವುದಿಲ್ಲ. ಪೆಟ್ಟಿಗೆಯನ್ನು ಕೊಳ್ಳುವ ಬದಲು ನಾವೇ ತಯಾರಿಸಬೇಕು. ಹಾಗೆ ತಯಾರಿಸುವಾಗ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನಾವು ಹೋಗುವ ಜಾಗದಲ್ಲಿ, ಹೋಗುವ ತಿಂಗಳಲ್ಲಿ, ಏನೇನು ಆಗಬಹುದು? ಆದದ್ದೇ ಆದರೆ ವೈದ್ಯರ ಕೈಗೆ ತಲಪಲು ಎಷ್ಟು ಹೊತ್ತು ಬೇಕು?

ಮೊದಲು ಗಡಿಯಾರ, ಆಮೇಲೆ ಪೆಟ್ಟಿಗೆ

ಪ್ರಥಮ ಚಿಕಿತ್ಸೆ ಎಂದರೆ ರೋಗಿಯನ್ನು ಗುಣಪಡಿಸುವುದಲ್ಲ. ಘಟನೆ ನಡೆದ ಕ್ಷಣಕ್ಕೂ ವೈದ್ಯರು ನೋಡುವ ಕ್ಷಣಕ್ಕೂ ನಡುವೆ ಇರುವ ಅವಧಿಯಲ್ಲಿ ಸ್ಥಿತಿ ಕೆಡದಂತೆ ನೋಡಿಕೊಳ್ಳುವುದು. ಶಾಲೆಯ ಅಂಗಳದಲ್ಲಿ ಈ ಅವಧಿ ಹತ್ತು ನಿಮಿಷವಿರಬಹುದು. ಕಾಡಿನ ನಡುವೆ ಎರಡು ಗಂಟೆಯೂ ಆಗಬಹುದು. ಪೆಟ್ಟಿಗೆ ತುಂಬಬೇಕಾದದ್ದು ಈ ಅವಧಿಯನ್ನು.

ಆದ್ದರಿಂದ ಔಷಧಿ ಅಂಗಡಿಗೆ ಹೋಗುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಶಿಬಿರದ ಜಾಗದಿಂದ ವಾಹನ ಬರಬಲ್ಲ ರಸ್ತೆಗೆ ನಡೆಯಲು ಎಷ್ಟು ಹೊತ್ತು? ಆ ರಸ್ತೆಯಿಂದ ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತು? ಅಲ್ಲಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ? ಮೊಬೈಲ್ ಸಿಗ್ನಲ್ ಸಿಗುವ ಅತಿ ಹತ್ತಿರದ ಜಾಗ ಯಾವುದು? ಮುಂಚಿತವಾಗಿ ಒಮ್ಮೆ ಹೋಗಿ ಬಂದವರು ಮಾತ್ರ ಇವಕ್ಕೆ ಉತ್ತರ ಬರೆಯಬಲ್ಲರು. ಹೋದಾಗಲೇ ತಾಲ್ಲೂಕು ಆಸ್ಪತ್ರೆಗೂ ಹೋಗಿ, ಹಾವಿನ ಪ್ರತಿವಿಷ ಮತ್ತು ರೇಬೀಸ್ ಲಸಿಕೆ ದಾಸ್ತಾನಿದೆಯೇ ಎಂದು ಕೇಳಿ. ಇದನ್ನು ಕೇಳಲು ಸಂಕೋಚ ಬೇಡ. ನಲವತ್ತು ಮಕ್ಕಳ ಹೊಣೆ ಹೊತ್ತವರು ಕೇಳಲೇಬೇಕಾದ ಪ್ರಶ್ನೆ ಅದು. ತುರ್ತು ವಾಹನಕ್ಕೆ 108 ಎಂಬುದು ಎಲ್ಲರಿಗೂ ಗೊತ್ತು. ಕರ್ನಾಟಕದಲ್ಲಿ ಈ ಸೇವೆ 2008ರ ನವೆಂಬರ್‌ನಲ್ಲಿ ಆರಂಭವಾಯಿತು. ಆದರೆ ಆ ಸಂಖ್ಯೆಗೆ ಕರೆ ಮಾಡಿ 'ಕಾಡಿನಲ್ಲಿದ್ದೇವೆ' ಎಂದರೆ ಸಾಲದು. ವಾಹನ ಎಲ್ಲಿಗೆ ಬರಬೇಕೆಂದು ಹೇಳಲು ಒಂದು ಊರಿನ, ತಾಂಡಾದ ಅಥವಾ ಗೇಟಿನ ಹೆಸರು ನಿಮ್ಮ ಬಳಿ ಇರಬೇಕು.

ಹಾವು: ಪೆಟ್ಟಿಗೆಯಿಂದ ಹೊರಹಾಕಬೇಕಾದ ವಸ್ತುಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಪ್ರಥಮ ಚಿಕಿತ್ಸಾ ಸಾಮಗ್ರಿಗಳಲ್ಲಿ ಒಂದು ಪುಟ್ಟ ಸಾಧನ ಇರುತ್ತಿತ್ತು. ಬೆರಳಿನಷ್ಟು ಉದ್ದದ ಮರದ ಕೊಳವೆ. ಅದರೊಳಗೆ ಒಂದು ಕಡೆ ಚೂಪಾದ ಅಲಗು, ಇನ್ನೊಂದು ಕಡೆ ಪೊಟ್ಯಾಸಿಯಮ್ ಪರ್ಮಾಂಗನೇಟಿನ ಹರಳುಗಳು. ಬ್ರಿಟಿಷ್ ವೈದ್ಯ ಲಾಡರ್ ಬ್ರಂಟನ್ ಇದನ್ನು ರೂಪಿಸಿದ್ದ. ಹಾವು ಕಚ್ಚಿದ ಜಾಗವನ್ನು ಅಲಗಿನಿಂದ ಕೊಯ್ದು, ಹರಳುಗಳನ್ನು ಗಾಯಕ್ಕೆ ತಿಕ್ಕಬೇಕು ಎಂಬುದು ಸೂಚನೆ.

ಇದರ ಹಿಂದೆ ಒಂದು ಪ್ರಯೋಗವಿತ್ತು. ಹಾವಿನ ವಿಷವನ್ನು ಪರ್ಮಾಂಗನೇಟ್ ದ್ರಾವಣದೊಡನೆ ಬೆರೆಸಿದರೆ ಅದು ವಿಷದ ಪ್ರೋಟೀನುಗಳನ್ನು ಉತ್ಕರ್ಷಿಸಿ ನಿಷ್ಕ್ರಿಯಗೊಳಿಸುತ್ತದೆ. ಪ್ರನಾಳದಲ್ಲಿ ಇದು ನಿಜ. ಆದರೆ ಕಾಲಿನಲ್ಲಿ? ಹಾವಿನ ಹಲ್ಲು ಚುಚ್ಚಿ ಹೊರಬರುವಷ್ಟರಲ್ಲಿ ವಿಷ ಅಂಗಾಂಶದೊಳಗೆ ಹರಡಿರುತ್ತದೆ. ಹರಳು ಅದನ್ನು ಹಿಂಬಾಲಿಸಿ ಹೋಗಲಾರದು. ದಾರಿಯಲ್ಲಿ ಸಿಕ್ಕ ನಮ್ಮದೇ ಮಾಂಸವನ್ನು, ರಕ್ತವನ್ನು ಉತ್ಕರ್ಷಿಸಿ ಸುಡುತ್ತದೆ, ಅಷ್ಟೆ. ಪ್ರನಾಳದಲ್ಲಿ ಸರಿಯಾದದ್ದು ದೇಹದಲ್ಲಿ ಸರಿಯಾಗಲೇಬೇಕಿಲ್ಲ ಎಂಬುದಕ್ಕೆ ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು. ಆ ಮರದ ಕೊಳವೆ ಮೂಲೆ ಸೇರಿ ಬಹಳ ವರ್ಷಗಳಾದವು. ಕೊಯ್ಯುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ.

ಹೀಗಾಗಿ ಹಾವಿನ ಮಟ್ಟಿಗೆ ಪೆಟ್ಟಿಗೆಯ ಕೆಲಸ ತೆಗೆಯುವುದರಿಂದ ಆರಂಭವಾಗುತ್ತದೆ. ಬ್ಲೇಡು ಬೇಡ, ಪರ್ಮಾಂಗನೇಟ್ ಬೇಡ, ವಿಷ ಹೀರುವ ರಬ್ಬರ್ ಸಾಧನ ಬೇಡ, ಬಿಗಿಯಾಗಿ ಕಟ್ಟುವ ಹಗ್ಗ ಬೇಡ. ಹಗ್ಗ ಏಕೆ ಬೇಡ ಎಂದು ವಿದ್ಯಾರ್ಥಿಗಳು ಖಂಡಿತ ಕೇಳುತ್ತಾರೆ. ಮಂಡಲದ ಹಾವುಗಳ ವಿಷ ಅಂಗಾಂಶವನ್ನು ಕರಗಿಸುವಂಥದು. ರಕ್ತ ಹರಿಯದಂತೆ ಬಿಗಿದರೆ ವಿಷ ಅಲ್ಲಿಯೇ ನಿಂತು ಕಾಲನ್ನು ಹಾಳುಮಾಡುತ್ತದೆ, ರಕ್ತವಿಲ್ಲದೆ ಕಾಲು ತಾನೂ ಸಾಯತೊಡಗುತ್ತದೆ. ಆಸ್ಪತ್ರೆಯಲ್ಲಿ ಕಟ್ಟನ್ನು ಒಮ್ಮೆಲೇ ಬಿಚ್ಚಿದಾಗ ಕೂಡಿಕೊಂಡಿದ್ದ ವಿಷವೆಲ್ಲ ಒಟ್ಟಿಗೆ ದೇಹಕ್ಕೆ ನುಗ್ಗುತ್ತದೆ.

ಹಾಗಾದರೆ ಪ್ರತಿವಿಷವನ್ನೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ? ಆಗದು. ನಮ್ಮ ದೇಶದ ಪ್ರತಿವಿಷವನ್ನು ನಾಲ್ಕು ಹಾವುಗಳ, ಅಂದರೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಉಂಟಾದ ಪ್ರತಿಕಾಯಗಳಿಂದ ತಯಾರಿಸುತ್ತಾರೆ. ಕುದುರೆಯ ಪ್ರೋಟೀನು ಕೆಲವರಲ್ಲಿ ಉಸಿರು ಕಟ್ಟುವಷ್ಟು ತೀವ್ರವಾದ ಅಲರ್ಜಿ ಉಂಟುಮಾಡಬಹುದು. ಆದ್ದರಿಂದ ಅದನ್ನು ರಕ್ತನಾಳಕ್ಕೆ ಕೊಡುವಾಗ ವೈದ್ಯರು, ಅಡ್ರಿನಲಿನ್, ಆಮ್ಲಜನಕ ಪಕ್ಕದಲ್ಲಿರಬೇಕು. ಒಂದು ಸೀಸೆ ಸಾಕಾಗುವುದೂ ಇಲ್ಲ. ಆರಂಭಕ್ಕೇ 8ರಿಂದ 10 ಸೀಸೆ ಬೇಕಾಗುತ್ತದೆ. ಮಕ್ಕಳಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ. ಕಚ್ಚುವಾಗ ಹಾವು ವಯಸ್ಸು ನೋಡಿ ವಿಷ ಕಡಿಮೆ ಮಾಡುವುದಿಲ್ಲವಷ್ಟೆ!

ಪೆಟ್ಟಿಗೆಯಲ್ಲಿ ಇರಬೇಕಾದದ್ದು ಬಹಳ ಸರಳ. ಎರಡು ಬಿದಿರ ದಬ್ಬೆ, ನಾಲ್ಕಾರು ಅಗಲವಾದ ಬಟ್ಟೆಪಟ್ಟಿ, ಒಂದು ಮಾರ್ಕರ್ ಪೆನ್ನು. ಕಚ್ಚಿಸಿಕೊಂಡವನನ್ನು ಮಲಗಿಸಿ, ಧೈರ್ಯ ಹೇಳಿ. ಉಂಗುರ, ಬಳೆ, ಕಾಲ್ಗಡಗ, ವಾಚು, ಬೂಟು ಇದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ಮುರಿದ ಮೂಳೆಗೆ ಕಟ್ಟುವಂತೆ ದಬ್ಬೆಯನ್ನು ಕಾಲಿಗೆ ಸಡಿಲವಾಗಿ ಕಟ್ಟಿ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು. ವಿಷ ಹೆಚ್ಚಾಗಿ ದುಗ್ಧರಸ ನಾಳಗಳ ಮೂಲಕ ಸಾಗುತ್ತದೆ. ಆ ನಾಳಗಳಿಗೆ ಹೃದಯದಂತಹ ಪಂಪು ಇಲ್ಲ. ಸ್ನಾಯುಗಳ ಚಲನೆಯೇ ಪಂಪು. ನಡೆದರೆ ಪಂಪು ಚಾಲೂ ಆದಂತೆ. ಆದ್ದರಿಂದ ನಡೆಸಬೇಡಿ, ಹೊತ್ತು ತನ್ನಿ. ಕಚ್ಚಿದ ಸಮಯವನ್ನೂ ಬಾವಿನ ಅಂಚನ್ನೂ ಚರ್ಮದ ಮೇಲೆಯೇ ಮಾರ್ಕರ್‌ನಿಂದ ಗುರುತಿಸಿ. ಅರ್ಧ ಗಂಟೆಗೊಮ್ಮೆ ಹೊಸ ಗೆರೆ ಎಳೆದು ಹೊತ್ತು ಬರೆಯಿರಿ. ಆಸ್ಪತ್ರೆಯ ವೈದ್ಯರಿಗೆ ಆ ಗೆರೆಗಳು ಅಮೂಲ್ಯ ಮಾಹಿತಿ. ಹಾವನ್ನು ಕೊಂದು ತರುವ ಅಗತ್ಯವಿಲ್ಲ. ನಾಲ್ಕಕ್ಕೂ ಪ್ರತಿವಿಷ ಒಂದೇ ಆಗಿರುವುದರಿಂದ ಅದರಿಂದ ಲಾಭ ಕಡಿಮೆ; ಇನ್ನೊಬ್ಬನಿಗೆ ಕಚ್ಚುವ ಸಂಭವ ಹೆಚ್ಚು.

ಆಸ್ಪತ್ರೆಯಲ್ಲಿ ಮಾಡುವ ಒಂದು ಪರೀಕ್ಷೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರ. ರೋಗಿಯ 2 ಮಿ.ಲೀ. ರಕ್ತವನ್ನು ಶುದ್ಧವಾದ, ಒಣಗಿದ ಗಾಜಿನ ಪ್ರನಾಳಕ್ಕೆ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ನಂತರ ಓರೆ ಮಾಡಿ ನೋಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ ಎಂದರ್ಥ. ಪ್ಲಾಸ್ಟಿಕ್ ಪ್ರನಾಳ ಇದಕ್ಕೆ ಆಗದು. ಹೆಪ್ಪುಗಟ್ಟುವ ಸರಣಿ ಕ್ರಿಯೆಯನ್ನು ಇಲ್ಲಿ ಆರಂಭಿಸುವುದು ಗಾಜಿನ ಮೇಲ್ಮೈ. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳೂ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗುತ್ತವೆ. ಹಾವು ಕಚ್ಚಿದವನಿಗೆ ಅವನ್ನು ಕೊಡುವುದು ಅಪಾಯ.

ಶಿಬಿರದಲ್ಲಿ ವಿಶೇಷವಾಗಿ ನೆನಪಿಡಬೇಕಾದ್ದು ಕಟ್ಟುಹಾವು. ರಾತ್ರಿ ಸಂಚರಿಸುವ ಈ ಹಾವು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ ಹುಡುಗನ ರೆಪ್ಪೆಗಳು ಜೋತುಬಿದ್ದಿದ್ದರೆ, ಮಾತು ತೊದಲುತ್ತಿದ್ದರೆ, 'ರಾತ್ರಿ ತಿಂದದ್ದು ಆಗಿಬಂದಿಲ್ಲ' ಎಂದು ಸುಮ್ಮನಿರಬೇಡಿ. ತಕ್ಷಣ ಹೊರಡಿ. ಇದಕ್ಕೆ ಪೆಟ್ಟಿಗೆಯೊಳಗೆ ಹಿಡಿಸದ ಒಂದು ಸಾಧನ ಬಹಳ ಉಪಯುಕ್ತ: ಸೊಳ್ಳೆಪರದೆ. ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಿದರೆ ಸೊಳ್ಳೆಯ ಜೊತೆಗೆ ಹಾವು, ಚೇಳುಗಳೂ ಹೊರಗೇ ಉಳಿಯುತ್ತವೆ. ಡೇರೆಯ ಸುತ್ತ ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಚೆಲ್ಲುವುದನ್ನು ಮಾತ್ರ ನಂಬಬೇಡಿ.

ಇಷ್ಟು ವಿವರ ಏಕೆಂದರೆ ಇದು ಅಪರೂಪದ ಸಂಗತಿಯಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸರಾಸರಿ ವರ್ಷಕ್ಕೆ 58,000 ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಬಹುಪಾಲು ಹಳ್ಳಿಯವರೇ. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಹೊಳೆಯುವ ಚೇಳು

ಕಲ್ಲು ಎತ್ತಿದರೆ ಚೇಳು ಎನ್ನುವ ಸೀಮೆ ನಮ್ಮದು. ಕಪ್ಪಗೆ ದೊಡ್ಡದಾಗಿರುವ ಚೇಳನ್ನು ಕಂಡರೆ ಜನ ಹೆಚ್ಚು ಹೆದರುತ್ತಾರೆ. ನಿಜಕ್ಕೂ ಹೆದರಬೇಕಾದದ್ದು ಅದಕ್ಕಿಂತ ಚಿಕ್ಕದಾದ ಕೆಂಪು ಚೇಳಿಗೆ. ಅದರ ವಿಷ ನರಗಳ ಸೋಡಿಯಮ್ ದ್ವಾರಗಳನ್ನು ಮುಚ್ಚಗೊಡುವುದಿಲ್ಲ. ನರಗಳು ಎಡೆಬಿಡದೆ ಸಂಕೇತ ಕಳಿಸುತ್ತವೆ, ಅಡ್ರಿನಲಿನ್ ಬಗೆಯ ರಾಸಾಯನಿಕಗಳು ದೇಹವನ್ನೆಲ್ಲ ತುಂಬುತ್ತವೆ, ಹೃದಯ ಸೋಲುತ್ತದೆ. ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಕೊಂಕಣದ ಹಳ್ಳಿಗಳಲ್ಲಿ ಇಂತಹ ರೋಗಿಗಳನ್ನು ವರ್ಷಗಟ್ಟಲೆ ಹತ್ತಿರದಿಂದ ಗಮನಿಸಿದರು. ರಕ್ತದ ಒತ್ತಡ ಇಳಿಸಲು ಬಳಸುತ್ತಿದ್ದ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಇಲ್ಲಿ ಪ್ರಾಣ ಉಳಿಸುತ್ತದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಅಗ್ಗದ ಮಾತ್ರೆ ಎಂದು ಅದನ್ನು ಪೆಟ್ಟಿಗೆಗೆ ಹಾಕಿಕೊಳ್ಳಬೇಡಿ. ರಕ್ತದ ಒತ್ತಡವನ್ನು ಅಳೆಯುತ್ತ ವೈದ್ಯರು ಕೊಡುವ ಔಷಧ ಅದು. ನಿಮ್ಮ ಕೆಲಸ, ಕುಟುಕಿದ ಜಾಗವನ್ನು ಸೋಪಿನಿಂದ ತೊಳೆದು, ಹುಡುಗನನ್ನು ಮಲಗಿಸಿ ಆಸ್ಪತ್ರೆಗೆ ಕಳಿಸುವುದು. ವಿಪರೀತ ಬೆವರು, ವಾಂತಿ, ತಣ್ಣಗಾದ ಕೈಕಾಲು ಕಂಡರೆ ಒಂದು ನಿಮಿಷವನ್ನೂ ಕಳೆಯಬೇಡಿ.

ಪೆಟ್ಟಿಗೆಗೆ ಸೇರಿಸಬಹುದಾದ ಒಂದು ವಸ್ತುವಿದೆ: ನೋಟು ಪರೀಕ್ಷಿಸಲು ಅಂಗಡಿಯವರು ಬಳಸುವ ಚಿಕ್ಕ ನೇರಳಾತೀತ ಟಾರ್ಚು. ಚೇಳಿನ ಹೊರಕವಚದಲ್ಲಿರುವ ಕೆಲವು ರಾಸಾಯನಿಕಗಳು ನೇರಳಾತೀತ ಕಿರಣಗಳನ್ನು ಹೀರಿ ಹಸಿರು-ನೀಲಿ ಬೆಳಕನ್ನು ಹೊರಸೂಸುತ್ತವೆ. ಮಲಗುವ ಮೊದಲು ಡೇರೆಯ ಸುತ್ತ, ಸೌದೆಯ ರಾಶಿಯ ಮೇಲೆ, ಬೂಟುಗಳ ಮೇಲೆ ಒಮ್ಮೆ ಹಾಯಿಸಿದರೆ ಚೇಳು ಕತ್ತಲೆಯಲ್ಲಿ ಹೊಳೆಯುತ್ತದೆ. ಪ್ರತಿದೀಪ್ತಿಯ ಪಾಠವೂ ಆಯಿತು, ರಕ್ಷಣೆಯೂ ಆಯಿತು. ಟಾರ್ಚಿನ ಬೆಳಕನ್ನು ಕಣ್ಣಿಗೆ ಬಿಡಬಾರದು, ಅಷ್ಟೆ. ಬೂಟನ್ನು ಮಾತ್ರ ಏನೇ ಆದರೂ ಬೆಳಿಗ್ಗೆ ಕೊಡವಿಯೇ ಹಾಕಿಕೊಳ್ಳಬೇಕು.

ಬಿಸಿಲು ಮತ್ತು ಒಂದು ಲೀಟರಿನ ಲೆಕ್ಕ

ಕಾಡಿಗೆ ಹೋಗಲು ನವೆಂಬರ್‌ನಿಂದ ಜನವರಿವರೆಗಿನ ಕಾಲವೇ ಸೂಕ್ತ. ಆದರೂ ಬೇಸಿಗೆ ಶಿಬಿರಗಳು ನಡೆಯುತ್ತಲೇ ಇರುತ್ತವೆ. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಹೊರಗಿನ ಗಾಳಿ ದೇಹಕ್ಕಿಂತ (37 ಡಿಗ್ರಿ) ಬಿಸಿಯಾದಾಗ ದೇಹ ಉಷ್ಣವನ್ನು ಹೊರಹಾಕಲು ಉಳಿಯುವ ದಾರಿ ಒಂದೇ: ಬೆವರು ಆವಿಯಾಗುವುದು. ಬೆವರಿನ ಜೊತೆ ನೀರೂ ಉಪ್ಪೂ ಹೋಗುತ್ತವೆ. ಇಲ್ಲಿ ಪೆಟ್ಟಿಗೆಯ ಅತ್ಯಂತ ಅಗ್ಗದ, ಅತ್ಯಂತ ಬೆಲೆಬಾಳುವ ವಸ್ತು ಪ್ರವೇಶಿಸುತ್ತದೆ: ಓಆರ್‌ಎಸ್ ಪೊಟ್ಟಣ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಪೊಟ್ಟಣದಲ್ಲಿ ಅಡಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಮ್ ಕ್ಲೋರೈಡ್ 1.5 ಗ್ರಾಂ, ಸೋಡಿಯಮ್ ಸಿಟ್ರೇಟ್ 2.9 ಗ್ರಾಂ ಇರುತ್ತವೆ. ಒಟ್ಟು 20.5 ಗ್ರಾಂ. ಇದನ್ನು ಕರಗಿಸಬೇಕಾದದ್ದು ಸರಿಯಾಗಿ ಒಂದು ಲೀಟರ್ ನೀರಿನಲ್ಲಿ. ಗ್ಲೂಕೋಸ್ ಇಲ್ಲಿ ಶಕ್ತಿಗಾಗಿ ಇರುವುದಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಒಂದು ವಾಹಕ ಪ್ರೋಟೀನು ಇದೆ. ಅದು ಒಂದು ಗ್ಲೂಕೋಸ್ ಅಣುವನ್ನು ಒಳಗೆ ಸಾಗಿಸುವಾಗ ಎರಡು ಸೋಡಿಯಮ್ ಅಯಾನುಗಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆ ಪರಾಸರಣದಿಂದ ನೀರು ಹೋಗುತ್ತದೆ. ಬರೀ ಉಪ್ಪುನೀರಿಗಿಂತ ಉಪ್ಪು-ಸಕ್ಕರೆ ನೀರು ಬೇಗ ಒಳಸೇರುವ ಗುಟ್ಟು ಇದೇ. ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಈ ಜೋಡಿ ಸಾಗಾಟದ ಕಲ್ಪನೆಯನ್ನು ಮಂಡಿಸಿದ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿದಾಗ, ಡಾ. ದಿಲೀಪ್ ಮಹಲನಾಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿ ಕುಡಿಯಲು ಕೊಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ಆಗ ದ್ರಾವಣ ಗಟ್ಟಿಯಾಗಿ ಪರಾಸರಣ ತಿರುಗಿಬೀಳುತ್ತದೆ. ದೇಹದ ನೀರೇ ಕರುಳಿಗೆ ಸೆಳೆಯಲ್ಪಡುತ್ತದೆ. ಆದ್ದರಿಂದ ಪೊಟ್ಟಣಗಳ ಜೊತೆ ಒಂದು ಲೀಟರಿನ ಖಾಲಿ ಬಾಟಲಿಯನ್ನೂ ಪೆಟ್ಟಿಗೆಯಲ್ಲಿಡಿ. ನಲವತ್ತು ಜನಕ್ಕೆ ಇಪ್ಪತ್ತೈದು ಪೊಟ್ಟಣವಾದರೂ ಇರಲಿ, ಉಳಿದರೆ ನಷ್ಟವಿಲ್ಲ. ಮುಗಿದೇಹೋದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಬಹುದು. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲಿನ ಪ್ರಮಾಣವನ್ನು ಓದಿ. ಬಣ್ಣದ ಡಬ್ಬಿಗಳಲ್ಲಿ ಬರುತ್ತಿದ್ದ ಕೆಲವು ಸಿಹಿ ಪಾನೀಯಗಳ ಹೆಸರಿನಲ್ಲಿಯೂ ಓಆರ್‌ಎಸ್ ಎಂಬ ಪದವಿರುತ್ತಿತ್ತು. ಆಹಾರ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು.

ಇನ್ನು ಉಷ್ಣಾಘಾತ. ಮೈ ಉರಿಯುತ್ತಿರುವ ಹುಡುಗ ಅಸಂಬದ್ಧವಾಗಿ ಮಾತಾಡತೊಡಗಿದರೆ, ತೂರಾಡಿದರೆ, ಫಿಟ್ಸ್ ಬಂದರೆ ಅದು ಬರಿಯ ಆಯಾಸವಲ್ಲ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮಿದುಳಿಗೆ ತಟ್ಟಿದೆ. ಪ್ರಜ್ಞೆ ಸರಿಯಿಲ್ಲದವನಿಗೆ ಬಾಯಿಗೆ ಏನನ್ನೂ ಹಾಕಬಾರದು, ಓಆರ್‌ಎಸ್ ಕೂಡ. ಪ್ಯಾರಾಸಿಟಮಾಲ್ ಮಾತ್ರೆಯೂ ಇಲ್ಲಿ ಕೆಲಸ ಮಾಡದು. ಜ್ವರದಲ್ಲಿ ಮಿದುಳೇ ದೇಹದ ಉಷ್ಣತೆಯ ಮಟ್ಟವನ್ನು ಏರಿಸಿಕೊಂಡಿರುತ್ತದೆ. ಮಾತ್ರೆ ಆ ಮಟ್ಟವನ್ನು ಇಳಿಸುತ್ತದೆ. ಉಷ್ಣಾಘಾತದಲ್ಲಿ ಮಟ್ಟ ಸರಿಯಾಗಿಯೇ ಇದೆ, ದೇಹಕ್ಕೆ ಅಲ್ಲಿಗೆ ಇಳಿಯಲು ಆಗುತ್ತಿಲ್ಲ.

ಮಾಡಬೇಕಾದದ್ದು ಮೈಮೇಲೆ ನೀರು ಸುರಿದು ಗಾಳಿ ಬೀಸುವುದು. ಒಂದು ಲೆಕ್ಕ ಮಾಡಿ ನೋಡಿ. ಹುಡುಗನ ತೂಕ 40 ಕಿ.ಗ್ರಾಂ. ದೇಹದ ವಿಶಿಷ್ಟೋಷ್ಣ ಕಿ.ಗ್ರಾಂಗೆ, ಡಿಗ್ರಿಗೆ ಸುಮಾರು 3.5 ಕಿಲೋಜೂಲ್. ಉಷ್ಣತೆಯನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ ಉಷ್ಣ 140 ಕಿಲೋಜೂಲ್. ಚರ್ಮದ ಮೇಲೆ ಒಂದು ಗ್ರಾಂ ನೀರು ಆವಿಯಾದರೆ ಸುಮಾರು 2.4 ಕಿಲೋಜೂಲ್ ಹೀರಿಕೊಳ್ಳುತ್ತದೆ. ಅಂದರೆ 60 ಗ್ರಾಂಗಿಂತ ಕಡಿಮೆ ನೀರು, ಅರ್ಧ ಲೋಟವೂ ಇಲ್ಲ! ವಾಸ್ತವದಲ್ಲಿ ಬಹಳಷ್ಟು ನೀರು ಹರಿದುಹೋಗುತ್ತದೆ, ಬಿಸಿಗಾಳಿ ಉಷ್ಣವನ್ನು ಮರಳಿ ಕೊಡುತ್ತಲೂ ಇರುತ್ತದೆ. ಆದರೂ ಒಣಹವೆಯ ನಮ್ಮ ಜಿಲ್ಲೆಯಲ್ಲಿ ಆವಿಯಾಗುವಿಕೆ ಬಹಳ ವೇಗ; ಕರಾವಳಿಯ ತೇವದ ಹವೆಯಲ್ಲಿ ಇಷ್ಟು ಸುಲಭವಲ್ಲ. ಪೆಟ್ಟಿಗೆಗೆ ಬೇಕಾದದ್ದು ಒಂದು ದೊಡ್ಡ ತೆಳು ಬಟ್ಟೆ ಮತ್ತು ಬೀಸಲು ಒಂದು ಗಟ್ಟಿ ರಟ್ಟು. ಹುಡುಗನನ್ನು ಹಾಗೆ ತಂಪು ಮಾಡುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಜ್ವರಮಾಪಕ ಡಿಜಿಟಲ್ ಆಗಿರಲಿ. ಪಾದರಸದ ಜ್ವರಮಾಪಕದ ಅಳತೆ 42 ಡಿಗ್ರಿಗೇ ಮುಗಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಯಾರ ಬಾಯಿಗೂ ಇಡದೆಯೇ ಪಾದರಸ ತುದಿ ಮುಟ್ಟಿ ಗಾಜು ಒಡೆಯಬಹುದು.

ಸುಣ್ಣ, ಫರ್ಶಿ, ನಾಯಿ

ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಗೆ ಕಾಯಿಸಿದರೆ ಸುಟ್ಟಸುಣ್ಣ, ಅದಕ್ಕೆ ನೀರು ಬೆರೆಸಿದರೆ ಅರಳಿದ ಸುಣ್ಣ. ಇದು ನೀವು ತರಗತಿಯಲ್ಲಿ ಹೇಳುವ ಪಾಠ. ವಾಡಿ, ಶಹಾಬಾದಿನ ಮಕ್ಕಳಿಗೆ ದಿನನಿತ್ಯದ ನೋಟ. ಶಿಬಿರದ ಆಟದಂಗಳಕ್ಕೆ ಗೆರೆ ಹಾಕಲು ಸುಣ್ಣದ ಪುಡಿ ತರುತ್ತೀರಿ. ಅಡಿಗೆಯವರ ಜೇಬಿನಲ್ಲಿ ತಂಬಾಕಿನ ಜೊತೆ ಸುಣ್ಣದ ಟ್ಯೂಬು ಇರುತ್ತದೆ. ಮಕ್ಕಳು ಅದನ್ನು ಹಿಸುಕಿ ಆಡುವಾಗ ಕಣ್ಣಿಗೆ ಚಿಮ್ಮಿ ದೃಷ್ಟಿಯೇ ಹೋದ ಪ್ರಸಂಗಗಳನ್ನು ನೇತ್ರವೈದ್ಯರು ದಾಖಲಿಸಿದ್ದಾರೆ. ಪ್ರಬಲ ಪ್ರತ್ಯಾಮ್ಲವಾದ ಸುಣ್ಣ (ಪಿಎಚ್ 12ಕ್ಕೂ ಹೆಚ್ಚು) ಕಣ್ಣಿನ ಮೇಲ್ಪದರದ ಕೊಬ್ಬನ್ನು ಸಾಬೂನಾಗಿಸಿ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಮದ್ದು ನೀರು, ಬರೀ ನೀರು. ರೆಪ್ಪೆ ಅಗಲಿಸಿ ಹಿಡಿದು ಕನಿಷ್ಠ 20 ನಿಮಿಷ ಸುರಿಯುತ್ತಿರಬೇಕು. ರೆಪ್ಪೆಯ ಒಳಗಿನ ಹರಳನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆದು, ನಂತರ ಆಸ್ಪತ್ರೆ. 'ಪ್ರತ್ಯಾಮ್ಲಕ್ಕೆ ಆಮ್ಲ' ಎಂದು ನಿಂಬೆರಸ ಹಿಂಡುವ ಬುದ್ಧಿವಂತಿಕೆ ಬೇಡ. ತಟಸ್ಥೀಕರಣ ಕ್ರಿಯೆಯೂ ಉಷ್ಣ ಹೊರಸೂಸುತ್ತದೆ. ಆಮ್ಲ ತಾನೂ ಸುಡುತ್ತದೆ. ಚರ್ಮದ ಮೇಲೆ ಒಣ ಪುಡಿ ಬಿದ್ದಿದ್ದರೆ ಮೊದಲು ಕೊಡವಿ, ಆಮೇಲೆ ಧಾರಾಳವಾಗಿ ತೊಳೆಯಿರಿ. ಮುಚ್ಚಳಕ್ಕೆ ತೂತು ಮಾಡಿದ ಒಂದು ನೀರಿನ ಬಾಟಲಿ ಇದಕ್ಕೆ ಸಾಕು.

ಫರ್ಶಿ ಕಲ್ಲಿನ ಅಂಚು ಎಷ್ಟು ಹರಿತವೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ರಕ್ತ ಬರುವ ಗಾಯಕ್ಕೆ ಶುದ್ಧವಾದ ಗಾಜ್ ಬಟ್ಟೆಯಿಟ್ಟು ಹತ್ತು ನಿಮಿಷ ಎಡೆಬಿಡದೆ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ನಡುನಡುವೆ ತೆಗೆದು ನೋಡಬಾರದು. ಹತ್ತಿಯನ್ನು ನೇರವಾಗಿ ಗಾಯದ ಮೇಲೆ ಇಟ್ಟರೆ ಎಳೆಗಳು ಅಂಟಿಕೊಳ್ಳುತ್ತವೆ. ಕುಡಿಯುವ ನೀರಿನಿಂದ ತೊಳೆಯುವುದೇ ಮುಖ್ಯ. ಪೊವಿಡೋನ್ ಅಯೊಡೀನ್ ಆಮೇಲಿನದು. ಧನುರ್ವಾಯು ತಡೆಯುವ ಟಿಡಿ ಲಸಿಕೆ 10 ಮತ್ತು 16ನೇ ವರ್ಷದಲ್ಲಿ ಆಗಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಡಿ. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು. ಟೂತ್‌ಪೇಸ್ಟು, ಶಾಯಿ ಬೇಡ.

ನಾಯಿ ಕಚ್ಚಿದರೆ ಪೆಟ್ಟಿಗೆಯಲ್ಲಿರುವ ಬಟ್ಟೆ ಸೋಪೇ ಮೊದಲ ಔಷಧ. ರೇಬೀಸ್ ವೈರಸ್ಸಿನ ಹೊರಪೊರೆ ಕೊಬ್ಬಿನದು. ಸೋಪು ಅದನ್ನು ಒಡೆಯುತ್ತದೆ. 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ ಹಾಕಿಸಬೇಕು. ಖಾರದ ಪುಡಿ, ಅರಿಸಿನ, ಸುಣ್ಣ ಮೆತ್ತುವುದು ಬೇಡವೇ ಬೇಡ.

ಡಬ್ಬ ಮತ್ತು ಕಾಗದ

ಮುಚ್ಚಳ ಭದ್ರವಾಗಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಸಾಕು. ತಗಡಿನ ಪೆಟ್ಟಿಗೆ ಬಿಸಿಲಿನಲ್ಲಿ ಕಾದು ಮುಲಾಮು ಕರಗುತ್ತದೆ, ಅಂಟುಪಟ್ಟಿಯ ಅಂಟು ಜಾರುತ್ತದೆ. ಬೀಗ ಹಾಕಬೇಡಿ. ಬೀಗದ ಕೈ ಇಟ್ಟುಕೊಂಡವರು ಸ್ನಾನಕ್ಕೆ ಹೋಗಿರುವ ಹೊತ್ತಿಗೇ ಅದು ಬೇಕಾಗುತ್ತದೆ! ಮೇಲೆ ಕೆಂಪು ಶಿಲುಬೆಯ ಗುರುತು ಬರೆಯುವುದು ರೂಢಿ. ಆದರೆ ಅದು ಯುದ್ಧಕಾಲದ ವೈದ್ಯಕೀಯ ಸೇವೆಗೆ ಮೀಸಲಾದ ಲಾಂಛನ. ಅನುಮತಿಯಿಲ್ಲದೆ ಬಳಸುವುದನ್ನು ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯಿದೆ ನಿಷೇಧಿಸುತ್ತದೆ. ಹಸಿರು ಹಿನ್ನೆಲೆಯಲ್ಲಿ ಬಿಳಿ ಶಿಲುಬೆ ಪ್ರಥಮ ಚಿಕಿತ್ಸೆಯ ಅಂತರರಾಷ್ಟ್ರೀಯ ಗುರುತು.

ತ್ರಿಕೋನ ಬ್ಯಾಂಡೇಜನ್ನು ಕೊಳ್ಳಬೇಕಿಲ್ಲ. ಒಂದು ಮೀಟರ್ ಚೌಕದ ಬಿಳಿ ಬಟ್ಟೆಯನ್ನು ಕರ್ಣದ ಉದ್ದಕ್ಕೆ ಕತ್ತರಿಸಿದರೆ ಎರಡು ಸಿಗುತ್ತವೆ. ಕೈಗೆ ಜೋಲಿ, ತಲೆಗೆ ಕಟ್ಟು, ದಬ್ಬೆಗೆ ಪಟ್ಟಿ, ಎಲ್ಲಕ್ಕೂ ಅದೇ. ಇವುಗಳ ಜೊತೆ ಕೈಗವಸು, ಚಿಮಟ, ಕತ್ತರಿ, ಪಿನ್ನು ಇರಲಿ.

ಡಬ್ಬದ ಮೇಲ್ಭಾಗದಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ತೂಕ, ಪಾಲಕರ ಫೋನು, ಉಬ್ಬಸ, ಮೂರ್ಛೆರೋಗ, ಅಲರ್ಜಿ ಏನಾದರೂ ಇದ್ದರೆ ಅದರ ವಿವರ. ಉಬ್ಬಸದ ಇನ್‌ಹೇಲರು ಮನೆಯಲ್ಲಿ ಮರೆತು ಬಂದರೆ ನಿಮ್ಮ ಡಬ್ಬದಲ್ಲಿ ಅದಕ್ಕೆ ಪರ್ಯಾಯವಿಲ್ಲ; ಆದ್ದರಿಂದ ರೈಲು ಹತ್ತುವ ಮೊದಲೇ ಕೇಳಿ, ಕಣ್ಣಾರೆ ನೋಡಿ. ಪಾಲಕರು ಬರೆದುಕೊಟ್ಟ ಮಾತ್ರೆಯನ್ನುಳಿದು ಬೇರಾವ ಮಾತ್ರೆಯನ್ನೂ ನೀವಾಗಿ ಕೊಡಬೇಡಿ. ಏನು ಮಾಡಿದಿರಿ, ಎಷ್ಟು ಗಂಟೆಗೆ ಮಾಡಿದಿರಿ ಎಂಬುದನ್ನು ಅದೇ ಪುಸ್ತಕದಲ್ಲಿ ಬರೆದು ರೋಗಿಯ ಜೊತೆ ಕಳಿಸಿ.

ಹೊರಡುವ ವಾರದ ಮೊದಲು ಶಾಲೆಯ ಮೈದಾನದಲ್ಲಿ ಒಂದು ಪ್ರಯೋಗ ಮಾಡಿ. ಎರಡು ಗಟ್ಟಿ ಬಿದಿರು, ಒಂದು ಕಂಬಳಿ ತೆಗೆದುಕೊಂಡು ಡೋಲಿ ಕಟ್ಟಿ. 40 ಕಿ.ಗ್ರಾಂ ತೂಕದ ಹುಡುಗನನ್ನು ಮಲಗಿಸಿ, ನಾಲ್ವರು ದೊಡ್ಡವರು ಎತ್ತಿಕೊಂಡು 200 ಮೀಟರ್ ನಡೆಯಲಿ. ನಿಲ್ಲುಗಡಿಯಾರ ಹಿಡಿದು ವೇಳೆ ಬರೆದುಕೊಳ್ಳಿ. ಎಷ್ಟು ದೂರಕ್ಕೆ ಒಮ್ಮೆ ಕೆಳಗಿಳಿಸಬೇಕಾಯಿತು, ಎಷ್ಟು ಜನ ಬದಲಾಗಬೇಕಾಯಿತು ಎಂಬುದನ್ನೂ ಬರೆಯಿರಿ. ಈಗ ಶಿಬಿರದ ಜಾಗದಿಂದ ರಸ್ತೆಗೆ ಇರುವ ದೂರಕ್ಕೆ ಲೆಕ್ಕ ಹಾಕಿ, ಕಾಡಿನ ಏರಿಳಿತದ ದಾರಿಗೆಂದು ಅದನ್ನು ಎರಡರಿಂದ ಗುಣಿಸಿ. ಬಂದ ನಿಮಿಷಗಳು ಒಂದು ಗಂಟೆಗಿಂತ ಹೆಚ್ಚಾದರೆ ಡೇರೆ ಹಾಕುವ ಜಾಗವನ್ನು ರಸ್ತೆಯ ಹತ್ತಿರಕ್ಕೆ ಬದಲಿಸಿ. ಕಡಿಮೆಯಾದರೆ ಆ ಸಂಖ್ಯೆಯನ್ನು ಡಬ್ಬದ ಮುಚ್ಚಳದ ಒಳಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು, ಕೆಳಗೆ ತಾಲ್ಲೂಕು ಆಸ್ಪತ್ರೆಯ ಫೋನ್ ಸಂಖ್ಯೆಯನ್ನೂ ವಾಹನ ಬರಬೇಕಾದ ಜಾಗದ ಹೆಸರನ್ನೂ ಬರೆಯಿರಿ.